ಸಕ್ಕರೆಯ ಜಾಡು ಹಿಡಿದು



ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ: ಉಣ್ಣಲು, ಉಸಿರಾಡಲು, ಮಾತಾಡಲು ಬೇಕಾದದ್ದೆಲ್ಲ ಒಂದು ಗೇಣಿನೊಳಗೇ ಇದೆ. ಅಲ್ಲಿ ಕ್ಯಾನ್ಸರ್ ಕಂಡಾಗ ವೈದ್ಯರನ್ನು ಕಾಡುವ ಪ್ರಶ್ನೆ, ಅದು ಕತ್ತಿನ ಗಂಟುಗಳಿಗೆ ಇಳಿದಿದೆಯೇ ಎಂಬುದು. ಬಹುಕಾಲ ಇದನ್ನು ಬೆರಳಿನಿಂದ ತಡವಿಯೇ ತಿಳಿಯಬೇಕಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಯಂತ್ರ ಮೊದಲ ರೋಗಿಯ ತಲೆಯ ಒಳಗನ್ನು ಪದರಪದರವಾಗಿ ತೋರಿಸಿತು. ಆದರೆ ಸಿಟಿ ಹೇಳುವುದು ಆಕಾರವನ್ನು. ಊದಿದ ಗಂಟಿನಲ್ಲಿರುವುದು ಕ್ಯಾನ್ಸರೋ ಬರೀ ಸೋಂಕೋ, ಚಿಕಿತ್ಸೆಯ ಮೇಲೆ ಉಳಿದದ್ದು ಜೀವವಿರುವ ಗೆಡ್ಡೆಯೋ ಒಣಗಿದ ಕಲೆಯೋ, ಹಲವು ಸಲ ಹೇಳಲಾರದು.

ಜೀವವಿರುವ ಗೆಡ್ಡೆಯನ್ನು ಗುರುತಿಸುವ ಸುಳಿವು 1920ರ ದಶಕದಲ್ಲೇ ಸಿಕ್ಕಿತ್ತು. ಗೆಡ್ಡೆಯ ಕೋಶಗಳು ಗ್ಲೂಕೋಸನ್ನು ವಿಪರೀತವಾಗಿ ಬಳಸುತ್ತವೆಂದು ಜರ್ಮನಿಯ ಆಟೋ ವಾರ್ಬರ್ಗ್ ಕಂಡುಕೊಂಡಿದ್ದರು. 1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಕಿರಣ ಸೂಸುವ ಸಕ್ಕರೆ, ಎಫ್‌ಡಿಜಿ, ಮೊದಲ ಬಾರಿ ಮನುಷ್ಯರ ಮೈಸೇರಿತು. ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ, ಅರಗಿಸಿಕೊಳ್ಳಲಾರದು. ಅಲ್ಲೇ ಸಿಕ್ಕಿಬಿದ್ದ ಸಕ್ಕರೆ, ಅದರ ವಿಕಿರಣವನ್ನು ಹಿಡಿಯುವ ಪೆಟ್ ಸ್ಕ್ಯಾನಿನ ಚಿತ್ರದಲ್ಲಿ ಹೊಳೆಯುತ್ತದೆ. ಆ ವಿಕಿರಣ 110 ನಿಮಿಷಕ್ಕೆ ಅರ್ಧವಾಗುವುದರಿಂದ ತಯಾರಿಸಿದ್ದನ್ನು ಕೂಡಿಡುವಂತಿಲ್ಲ. ಪೆಟ್ ಒಂದೇ ಇದ್ದರೆ ಕತ್ತಲಲ್ಲಿ ದೀಪ ಕಾಣುತ್ತದೆ, ಯಾರ ಮನೆಯದೆಂದು ತಿಳಿಯದು. ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್ ಪೆಟ್, ಸಿಟಿ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದರು; 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅದು ಕೆಲಸಕ್ಕೆ ಇಳಿಯಿತು.

ನನ್ನನ್ನು ಹೆಚ್ಚು ತಟ್ಟುವುದು 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪೆಟ್-ನೆಕ್ ಅಧ್ಯಯನ. ಕತ್ತಿಗೆ ಹಬ್ಬಿದ ಕ್ಯಾನ್ಸರಿದ್ದ 564 ಮಂದಿಯನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ವಿಕಿರಣ, ಕೀಮೋ. ಒಂದು ಗುಂಪಿಗೆ ಕತ್ತಿನ ಶಸ್ತ್ರಕ್ರಿಯೆಯೂ ಮೊದಲೇ ಗೊತ್ತುಮಾಡಲಾಗಿತ್ತು. ಇನ್ನೊಂದಕ್ಕೆ ಚಿಕಿತ್ಸೆ ಮುಗಿದ 12 ವಾರಕ್ಕೆ ಪೆಟ್-ಸಿಟಿ. ಅನುಮಾನ ಉಳಿದರೆ ಮಾತ್ರ ಶಸ್ತ್ರಕ್ರಿಯೆ. ಸ್ಕ್ಯಾನ್ ಬೇಗ ತೆಗೆದರೆ ವಿಕಿರಣದ ಉರಿಯೂತವೇ ಹೊಳೆದು ದಾರಿ ತಪ್ಪಿಸುತ್ತದೆ, ಅದಕ್ಕೇ ಆ ಕಾಯುವಿಕೆ. ಮೊದಲ ಗುಂಪಿನಲ್ಲಿ 221 ಶಸ್ತ್ರಕ್ರಿಯೆ, ಎರಡನೆಯದರಲ್ಲಿ 54. ಬದುಕುಳಿದವರ ಪ್ರಮಾಣದಲ್ಲಿ ಪೆಟ್-ಸಿಟಿ ಗುಂಪು ಹಿಂದೆ ಬೀಳಲಿಲ್ಲ. ಕತ್ತಿನ ಶಸ್ತ್ರಕ್ರಿಯೆಯ ಮೇಲೆ ಕಾಡಬಹುದಾದ, ಭುಜ ಎತ್ತಲಾಗದ ನೋವು ಎಷ್ಟು ಜನಕ್ಕೆ ತಪ್ಪಿರಬೇಕು!

ಆದರೆ ಆ ಅಧ್ಯಯನದಲ್ಲಿದ್ದವರಲ್ಲಿ ಬಹುಪಾಲು ಗಂಟಲಿನ ಕ್ಯಾನ್ಸರಿನವರು. ತಂಬಾಕು, ಗುಟ್ಕಾದಿಂದ ನಮ್ಮಲ್ಲಿ ಬರುವ ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಮೊದಲು. ಆ ಲೆಕ್ಕವನ್ನು ಇಲ್ಲಿಗೆ ಹಾಗೇ ಹಚ್ಚಬಾರದು.

ನಿಮ್ಮ ಮನೆಯವರನ್ನು ಈ ಪೆಟ್-ಸಿಟಿ ಸ್ಕ್ಯಾನಿಗೆ ಕರೆದೊಯ್ದರೆ ಒಂದು ಮಾತು. ಸೂಜಿಮದ್ದು ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಕಾಯಿಸುತ್ತಾರೆ. ಆಗ ಅವರನ್ನು ಮಾತಾಡಿಸಬೇಡಿ, ಏನನ್ನೂ ಅಗಿಯಲು ಕೊಡಬೇಡಿ. ಮಾತಾಡಿದರೆ ಗಂಟಲಿನ ಸ್ನಾಯುಗಳೂ ಸಕ್ಕರೆ ಹೀರಿ ಹೊಳೆಯುತ್ತವೆ. ಸುಮ್ಮನೆ ಪಕ್ಕದಲ್ಲಿ ಕುಳಿತಿರಲು ಬಿಟ್ಟರೆ ಕುಳಿತಿರಿ. ವಿಕಿರಣದ ಕಾರಣಕ್ಕೆ ಹೊರಗಿರಿ ಎಂದರೆ ಬಾಗಿಲ ಬಳಿ ಇರಿ.