ಜೆಕ್ ದೇಶದಿಂದ ಜಾವಾ ಸ್ಪೇರ್ಸ್ ತರಿಸೋ ಮುಂಚೆ ಈ ಲೆಕ್ಕ ಹಾಕಿ

ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗೋ ವಿಷಯ ಇವತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ತು. ಗಾಡಿಗಳು ಮಾತ್ರ ಇನ್ನೂ ಓಡ್ತಾ ಇವೆ. ಕೇಬಲ್ಲು, ಕ್ಲಚ್ ಪ್ಲೇಟು, ಆಯಿಲ್ ಸೀಲು ಇಂಥವಕ್ಕೆ ಇಲ್ಲಿನ ಅಂಗಡಿಗಳೇ ಸಾಕು. ಆದರೆ ಮೂಲ ಅಳತೆಯ ಜಿಕೋವ್ ಕಾರ್ಬುರೇಟರ್ ಬೇಕು, ಹಳೇ ಮಾದರಿಯ ಮೀಟರ್ ಬೇಕು ಅಂದಾಗ ಜಾವಾದ ತವರಾದ ಜೆಕ್ ದೇಶದ ಅಂಗಡಿಗಳನ್ನೇ ಹುಡುಕಬೇಕಾಗುತ್ತೆ. ಅಲ್ಲಿ ಬೆಲೆ ನೋಡಿ ಆರ್ಡರ್ ಹಾಕಿರ್ತೀರಿ. ಪಾರ್ಸಲ್ ಬಾಗಿಲಿಗೆ ಬಂದಾಗ ಕೊರಿಯರ್‌ನವರು ಇನ್ನೊಂದು ಬಿಲ್ ಕೊಡ್ತಾರೆ. ಆ ಬಿಲ್ ಹೇಗೆ ಹುಟ್ಟುತ್ತೆ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು ಗೊತ್ತಿರಬೇಕಾದ್ದು ಇಷ್ಟು: ಸುಂಕ ಬೀಳೋದು ಸಾಮಾನಿನ ಬೆಲೆ ಮೇಲೆ ಮಾತ್ರ ಅಲ್ಲ. ಬೆಲೆ, ಸಾಗಣೆ ಖರ್ಚು, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಯೂರೋವನ್ನ ರೂಪಾಯಿಗೆ ತಿರುಗಿಸೋದೂ ನಿಮ್ಮ ಬ್ಯಾಂಕಿನ ದರದಲ್ಲಲ್ಲ, ಕಸ್ಟಮ್ಸ್ ಇಲಾಖೆ ಆಗಾಗ ಪ್ರಕಟಿಸೋ ದರದಲ್ಲಿ.

ಈಗ ಒಂದು ಲೆಕ್ಕ ಮಾಡೋಣ. ಕಾರ್ಬುರೇಟರ್ ಬೆಲೆ 10,000 ರೂಪಾಯಿ, ವಿಮಾನದ ಕೊರಿಯರ್‌ಗೆ 4,000 ರೂಪಾಯಿ ಅಂತ ಇಟ್ಟುಕೊಳ್ಳಿ. ನೇರವಾಗಿ ಕೂಡಿಸಿದರೆ 14,000. ಆದರೆ ಇಲ್ಲಿ ನಮಗೆ ಅನುಕೂಲವಾದ ಒಂದು ನಿಯಮ ಇದೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ, ಸಾಮಾನು ವಿಮಾನದಲ್ಲಿ ಬಂದರೆ ಸಾಗಣೆ ಖರ್ಚನ್ನ ಸಾಮಾನಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚು ಅಂತ ಹಿಡಿಯೋ ಹಾಗಿಲ್ಲ. ಅಂದರೆ ನೀವು 4,000 ಕೊಟ್ಟಿದ್ದರೂ ಲೆಕ್ಕಕ್ಕೆ ಬರೋದು 2,000 ಮಾತ್ರ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಶೇಕಡಾ 1.125, ಅಂದರೆ 112 ರೂಪಾಯಿ 50 ಪೈಸೆ ಸೇರಿಸ್ತಾರೆ. ಒಟ್ಟು 12,112 ರೂಪಾಯಿ 50 ಪೈಸೆ. ಇದು ಸುಂಕ ಹಾಕೋ ಮೌಲ್ಯ.

ಮೋಟಾರ್‌ಸೈಕಲ್‌ನ ಹಲವು ಬಿಡಿಭಾಗಗಳು ಸುಂಕದ ಪಟ್ಟಿಯಲ್ಲಿ 8714ನೇ ಶೀರ್ಷಿಕೆಯಡಿ, ಕಾರ್ಬುರೇಟರ್‌ನಂಥ ಎಂಜಿನ್ ಭಾಗಗಳು 8409ರಡಿ ಬರುತ್ತವೆ. 2018ರ ಬಜೆಟ್‌ನಲ್ಲಿ ಇವುಗಳ ಮೂಲ ಸುಂಕವನ್ನ ಶೇಕಡಾ 15ಕ್ಕೆ ಏರಿಸಿದರು. ಆ ದರವನ್ನೇ ಹಿಡಿಯೋಣ: 1,817 ರೂಪಾಯಿ. ಆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್: 182 ರೂಪಾಯಿ. ಇವೆರಡನ್ನೂ ಮೌಲ್ಯಕ್ಕೆ ಕೂಡಿಸಿ, ಆ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕೋ ಜಿಎಸ್‌ಟಿ. ತೆರಿಗೆ ಮೇಲೆ ತೆರಿಗೆ ಅಂತ ಜನ ಬೈಯೋದು ಇದನ್ನೇ. ಐಜಿಎಸ್‌ಟಿ ಮೊದಲು ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಅದು 2,540 ರೂಪಾಯಿ. ಮೂರೂ ಸೇರಿ ಸುಮಾರು 4,539. ಅಂದರೆ ಮೌಲ್ಯದ ನೂರಕ್ಕೆ ಮೂವತ್ತೇಳೂವರೆ. ಹಳೇ ದರದಲ್ಲಿ ಇದೇ ನೂರಕ್ಕೆ ನಲವತ್ತೊಂಬತ್ತು ಆಗ್ತಿತ್ತು.

ಕೊರಿಯರ್‌ನವರು ಪೂರ್ತಿ 4,000 ಸಾಗಣೆಯನ್ನ ಲೆಕ್ಕಕ್ಕೆ ಹಿಡಿದಿದ್ದರೆ ಸುಮಾರು 750 ರೂಪಾಯಿ ಹೆಚ್ಚಿಗೆ ಹೋಗುತ್ತೆ. ಅದಕ್ಕೇ ಬಿಲ್ ಆಫ್ ಎಂಟ್ರಿಯ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆಯ, ಪ್ರತಿ ಕೇಳಿ ಪಡೀರಿ.

ಆ ಕಾಗದದಲ್ಲಿ ಶೀರ್ಷಿಕೆ ಯಾವುದು ಅಂತಾನೂ ನೋಡಿ. ಸ್ವಂತ ಬಳಕೆಗೆ ಅಂತ ಬಂದ ಪಾರ್ಸಲ್‌ಗಳಿಗೆ 9804 ಅನ್ನೋ ಬೇರೆಯೇ ಶೀರ್ಷಿಕೆ ಇದೆ. ಅದರ ಸುಂಕ ಬಹಳ ಕಾಲ ಶೇಕಡಾ 35 ಇತ್ತು, ಆಮೇಲೆ 20 ಆಯಿತು. 2026ರ ಬಜೆಟ್‌ನಲ್ಲಿ ಅದನ್ನ 20ರಿಂದ 10ಕ್ಕೆ ಇಳಿಸೋದಾಗಿ ಹಣಕಾಸು ಸಚಿವರು ಹೇಳಿದರು. ಒಂದೇ ಕಾರ್ಬುರೇಟರ್, ಯಾವ ಸಾಲಿನಲ್ಲಿ ಬರೆದರು ಅನ್ನೋದರ ಮೇಲೆ ಸುಂಕ ಬದಲಾಗುತ್ತೆ.

ಇಲ್ಲಿ ನನ್ನ ಮನಸ್ಸಿನ ಮಾತೊಂದು ಹೇಳ್ತೀನಿ. ಬಿಡಿಭಾಗಗಳ ಮೇಲೆ ಸುಂಕ ಏರಿಸಿದ್ದು ಇಲ್ಲಿ ತಯಾರಿಸೋರಿಗೆ ಬಲ ಕೊಡೋದಕ್ಕೆ. ಅದು ಸರಿಯೇ. ಆದರೆ ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋದ ಗಾಡಿಯ ಒಂದು ಬಿಡಿಭಾಗಕ್ಕೂ ಅದೇ ದರ ಹಾಕಿದರೆ ಯಾರಿಗೆ ರಕ್ಷಣೆ ಸಿಕ್ಕಿತು? ಇಂಥ ಗಾಡಿಗಳು ಈ ನಾಡಿನ ಕೈಗಾರಿಕೆಯ ಚರಿತ್ರೆ. ಅವನ್ನ ಕಾಪಾಡ್ತಿರೋದು ಸರ್ಕಾರ ಅಲ್ಲ, ಸಂಬಳದಲ್ಲಿ ಉಳಿಸಿ ರಿಪೇರಿ ಮಾಡಿಸೋ ಜನ. ಹಳೇ ಗಾಡಿಗಳ ಬಿಡಿಭಾಗಕ್ಕೆ ರಿಯಾಯಿತಿ ದರ ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಸಾಗಣೆ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡಲ್ಲ, ಪೆಟ್ಟಿಗೆ ಎಷ್ಟು ಜಾಗ ಹಿಡಿಯುತ್ತೆ ಅಂತಾನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸೋದು ಸಾಮಾನ್ಯ ಪದ್ಧತಿ. ಸೈಲೆನ್ಸರ್ ತರಿಸ್ತೀರಿ ಅಂದುಕೊಳ್ಳಿ. ಪೆಟ್ಟಿಗೆ ನೂರು ಸೆಂಟಿಮೀಟರ್ ಉದ್ದ, ಇಪ್ಪತ್ತು ಅಗಲ, ಇಪ್ಪತ್ತು ಎತ್ತರ. ಒಳಗಿರೋದು ಟೊಳ್ಳು ತಗಡು, ಆದರೂ ಎಂಟು ಕೆಜಿಯ ಬಾಡಿಗೆ ಕೊಡಬೇಕು. ಹಾಗಾಗಿ ಸೈಲೆನ್ಸರ್, ಮಡ್‌ಗಾರ್ಡ್, ಟ್ಯಾಂಕ್ ಇಂಥವನ್ನ ಇಲ್ಲೇ ಮಾಡಿಸಿ. ಚಿಕ್ಕದಾಗಿದ್ದು ಬೆಲೆ ಬಾಳೋ ಸಾಮಾನನ್ನ ಮಾತ್ರ ಹೊರಗಿಂದ ತರಿಸಿ, ಅದನ್ನೂ ಗೆಳೆಯರೆಲ್ಲ ಸೇರಿ ಒಂದೇ ಪೆಟ್ಟಿಗೆಯಲ್ಲಿ. ಕೊರಿಯರ್‌ನವರು ಸುಂಕವನ್ನ ನಿಮ್ಮ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಒಂದು ಶುಲ್ಕ, ಕ್ಲಿಯರೆನ್ಸ್‌ಗೆ ಒಂದು ಶುಲ್ಕ ಹಾಕೋದುಂಟು. ಪೆಟ್ಟಿಗೆ ಒಂದೇ ಆದರೆ ಅದೂ ಒಂದೇ ಸಲ. ಅವಸರ ಇಲ್ಲದಿದ್ದರೆ ಅಂಚೆಯೂ ಒಳ್ಳೇ ದಾರಿ.

ಆರ್ಡರ್ ಹಾಕುವಾಗ ಬಹಳ ಜನ ನೋಡದೇ ಬಿಡೋದು ಜೆಕ್ ದೇಶದ ವ್ಯಾಟ್. ಅಲ್ಲಿ ಅದು ಶೇಕಡಾ 21, ವೆಬ್‌ಸೈಟಿನ ಬೆಲೆಯಲ್ಲಿ ಸೇರಿರುತ್ತೆ. ಯುರೋಪ್ ಒಕ್ಕೂಟದ ಹೊರಗೆ ರಫ್ತಾಗೋ ಸಾಮಾನಿಗೆ ಅದನ್ನ ತೆಗೀಬಹುದು. 121 ಯೂರೋ ಅಂತ ಕಾಣೋದು ನಿಮಗೆ 100 ಆಗಬೇಕು. ವಿಳಾಸದಲ್ಲಿ ಭಾರತ ಅಂತ ಹಾಕಿದ ಮೇಲೂ ಬೆಲೆ ಇಳೀದಿದ್ದರೆ ಹಣ ಕಟ್ಟೋ ಮುಂಚೆ ಅಂಗಡಿಯವರಿಗೆ ಬರೆದು ಕೇಳಿ.

‘ಗಿಫ್ಟ್ ಅಂತ ಬರೆಸಿಬಿಡಿ, ಬೆಲೆ ಕಮ್ಮಿ ತೋರಿಸಿ’ ಅಂತ ಸಲಹೆ ಕೊಡೋರು ಸಿಗ್ತಾರೆ. ದಯವಿಟ್ಟು ಬೇಡ. ಗಿಫ್ಟ್‌ಗಿದ್ದ ವಿನಾಯಿತಿಯನ್ನ 2019ರ ಡಿಸೆಂಬರ್‌ನಲ್ಲೇ ತೆಗೆದಾಗಿದೆ, ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು. ಬೆಲೆ ಸುಳ್ಳು ಅನ್ನಿಸಿದರೆ ಅಧಿಕಾರಿಗಳು ಅದನ್ನ ತಳ್ಳಿಹಾಕಿ ತಾವೇ ಬೆಲೆ ಕಟ್ಟಬಹುದು, ದಂಡವೂ ಬೀಳಬಹುದು.

ಬಳಸಿದ ಸಾಮಾನಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಯಾರೋ ಗಾಡಿಯಿಂದ ಬಿಚ್ಚಿದ ಹಳೇ ಮೀಟರ್ ನೋಡೋಕೆ ಚೆನ್ನಾಗಿರುತ್ತೆ. ಆದರೆ ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಇಂಥ ಸೆಕೆಂಡ್ ಹ್ಯಾಂಡ್ ಸರಕು ನಿರ್ಬಂಧಿತ, ತರಿಸೋಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಬೇಕು. ಹಳೇ ಕಾಲದಲ್ಲಿ ತಯಾರಾಗಿ ಒಮ್ಮೆಯೂ ಬಳಸದೆ ಉಳಿದ ಸ್ಟಾಕ್ ಬೇರೆ ಮಾತು. ಅಂಥದ್ದಾದರೆ ಬಳಸಿಲ್ಲ ಅಂತ ಇನ್‌ವಾಯ್ಸ್‌ನಲ್ಲೇ ಸ್ಪಷ್ಟವಾಗಿ ಬರೆಸಿ.

ಸುಂಕ ತಪ್ಪಾಗಿದೆ ಅನ್ನಿಸಿದರೆ, ಹಣ ಕಟ್ಟೋ ಮುಂಚೆಯೇ ಇನ್‌ವಾಯ್ಸ್ ಮತ್ತು ಹಣ ಪಾವತಿಯ ರಸೀದಿ ಇಟ್ಟು ಕೊರಿಯರ್‌ನವರಿಗೆ ಇಮೇಲ್ ಹಾಕಿ. ಕಟ್ಟಿಯಾದ ಮೇಲೂ ಆದೇಶ ಕೈಸೇರಿದ 60 ದಿನದೊಳಗೆ ಕಸ್ಟಮ್ಸ್ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸೋ ಹಕ್ಕು ನಿಮಗಿದೆ.