ಬೀಡಿ ಬಿಡುವುದು ಯಾಕೆ ಕಷ್ಟ, ಬಿಡುವುದು ಹೇಗೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ 1989ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಘದವರು ಕೇಳಿದಾಗ ಮೊದಲು ನೆನಪಾದದ್ದು ನಮ್ಮಪ್ಪ. ನಿಮ್ಮಲ್ಲಿ ಬಹಳ ಜನ ಅವರನ್ನು ಬಲ್ಲಿರಿ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು. ಶ್ವಾಸಕೋಶ ಕೆಟ್ಟು, ಮನೆಯ ಜಗುಲಿ ಹತ್ತಲೂ ಏದುಸಿರು ಬರುವ ಹಾಗಾದ ಮೇಲೆ ಒಮ್ಮೆ ಬಿಟ್ಟರು. ಮೂರು ವಾರ ಮುಟ್ಟಲಿಲ್ಲ. ಜಾತ್ರೆಯ ದಿನ ಅರಳಿಕಟ್ಟೆಯಲ್ಲಿ ಹಳೆಯ ಸ್ನೇಹಿತರು ಬೀಡಿ ಹಚ್ಚಿದರು. ಅಪ್ಪನೂ ಹಚ್ಚಿದರು. ನಾನು ಆಗಷ್ಟೇ ಡಾಕ್ಟರಾಗಿದ್ದೆ. "ನಿನಗೆ ಮನಸ್ಸು ಗಟ್ಟಿ ಇಲ್ಲ ಕಣಪ್ಪ" ಎಂದು ಎಲ್ಲರ ಎದುರು ಬೈದೆ. "ಕಾಫಿ ಕುಡಿದ ಕೂಡ್ಲೆ ಕೈ ತಾನಾಗೇ ಜೇಬಿಗೆ ಹೋಯ್ತದೆ ಮಗ, ನಾನೇನ್ ಮಾಡ್ಲಿ" ಎಂದರು. ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರು ಬಿಡುವ ಮಾತನ್ನೇ ಎತ್ತಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡರು.

ಅಪ್ಪ ಹೇಳಿದ್ದು ನೆಪವಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿಯ ಪಾಠವನ್ನು ನಾವು ಇದೇ ಶಾಲೆಯಲ್ಲಿ ಕೇಳಿದ್ದೆವು. ಊಟಕ್ಕೆ ಮೊದಲು ದಿನವೂ ಒಂದು ಸದ್ದು ಮಾಡಿದರೆ, ಕೆಲವು ದಿನಗಳಲ್ಲಿ ಬರೀ ಸದ್ದಿಗೇ ನಾಯಿಗೆ ಜೊಲ್ಲು ಸುರಿಯುತ್ತದೆ. ಬೀಡಿಯಲ್ಲೂ ಇದೇ ನಡೆಯುತ್ತದೆ. ಹೊಗೆ ಎಳೆದ ಸುಮಾರು 10 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ತಲುಪಿ, ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ದಿನಕ್ಕೆ 25 ಬೀಡಿ, ಒಂದಕ್ಕೆ 10 ದಮ್ಮು ಎಂದರೆ ದಿನಕ್ಕೆ 250 ಸಲ ಈ ಪಾಠ ನಡೆಯುತ್ತದೆ. ಕಾಫಿ ಲೋಟ, ಬೆಂಕಿಪೊಟ್ಟಣದ ಸದ್ದು, ಅರಳಿಕಟ್ಟೆ, ಸ್ನೇಹಿತರ ಮುಖ ಎಲ್ಲವೂ ಆ ಪಾಠದಲ್ಲಿ ಸೇರಿಹೋಗುತ್ತವೆ.

ಸೇದುವವರಿಗೆ ಎಂಆರ್‌ಐ ಯಂತ್ರದೊಳಗೆ ಸಿಗರೇಟಿನ ಚಿತ್ರ ತೋರಿಸಿ ವಿಜ್ಞಾನಿಗಳು ನೋಡಿದ್ದಾರೆ. ಹೊಗೆ ಇಲ್ಲದಿದ್ದರೂ, ಚಿತ್ರ ಕಂಡಷ್ಟಕ್ಕೇ ಮಿದುಳಿನಲ್ಲಿ ಸುಖವನ್ನು ಎದುರುನೋಡುವ ಭಾಗಗಳು ಚುರುಕಾಗುತ್ತವೆ. 2007ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿ ಪ್ರಕಟಿಸಿದರು. ಮಿದುಳಿನೊಳಗಿನ ಇನ್ಸುಲಾ ಎಂಬ ಭಾಗಕ್ಕೆ ಹಾನಿಯಾದ ರೋಗಿಗಳಲ್ಲಿ ಹಲವರು ಸಿಗರೇಟನ್ನು ಸಲೀಸಾಗಿ ಬಿಟ್ಟಿದ್ದರು, ಅವರಿಗೆ ಬಯಕೆಯೇ ಹೋಗಿತ್ತು. ಅಂದರೆ ಚಟ ಎನ್ನುವುದು ಬರೀ ಗುಣದ ದೋಷವಲ್ಲ, ಮಿದುಳು ಕಲಿತ ಪಾಠ.

ಹಾಗಾದರೆ ಬಿಡುವುದು ಹೇಗೆ? ಎರಡು ಕಡೆಯಿಂದ ಕೆಲಸ ಆಗಬೇಕು.

ಮೊದಲನೆಯದು ಔಷಧಿ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಾಲಿಗೆ ಚುರುಗುಟ್ಟುವ ತನಕ ನಿಧಾನವಾಗಿ ಜಗಿದು ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ 15 ನಿಮಿಷ ಮೊದಲು ಕಾಫಿ, ಟೀ ಬೇಡ. ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ. ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳನ್ನು ಡಾಕ್ಟರು ಹೇಳಿದರೆ ಮಾತ್ರ ತೆಗೆದುಕೊಳ್ಳಿ. ಮೂರ್ಛೆರೋಗ ಇದ್ದವರಿಗೆ ಬುಪ್ರೋಪಿಯಾನ್ ಕೊಡುವುದಿಲ್ಲ.

ಔಷಧಿ ಚಡಪಡಿಕೆ ತಗ್ಗಿಸುತ್ತದೆ. ಆದರೆ ಅರಳಿಕಟ್ಟೆ ಕಂಡಾಗ ಏಳುವ ಬಯಕೆ ಅದೊಂದರಿಂದಲೇ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಎರಡನೆಯ ಕೆಲಸ. ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಎಂದು ಒಂದು ವಾರ ಬರೆದಿಡಿ. ಕಾಫಿ ಆದಮೇಲೆ ಬೀಡಿಯಾದರೆ, ಕಾಫಿ ಕುಡಿಯುವ ಜಾಗ ಬದಲಿಸಿ, ಲೋಟ ಇಟ್ಟ ಕೂಡಲೇ ಎದ್ದು ಒಂದು ಸುತ್ತು ನಡೆಯಿರಿ. ಬಯಕೆಯ ಜೋರು ಸಾಮಾನ್ಯವಾಗಿ ಕೆಲವೇ ನಿಮಿಷ. ನೀರು ಕುಡಿದು, ಯಾರ ಜೊತೆಗಾದರೂ ಮಾತಾಡಿ ಅಷ್ಟು ಹೊತ್ತು ದಾಟಿಸಿ. ಹಾಗೆ ದಾಟಿಸಿದಷ್ಟೂ ಹಳೆಯ ಪಾಠ ಮಸುಕಾಗುತ್ತದೆ. ಸಲಹೆಗೆ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಈ ರಾಷ್ಟ್ರೀಯ ಸೇವೆಯ ಒಂದು ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಮನೆಯವರಿಗೆ ನನ್ನದೊಂದು ಬೇಡಿಕೆ. ಬಿಟ್ಟವರು ಮತ್ತೆ ಒಂದು ಸೇದಿದರೆ ಹಂಗಿಸಬೇಡಿ. ಹಲವರು ಪೂರ್ತಿ ಬಿಡುವುದು ಐದಾರು ಸಲ ಪ್ರಯತ್ನಿಸಿದ ಮೇಲೇ. ಅಂದು ನಾನು ಬೈಯುವ ಬದಲು "ಮೂರು ವಾರ ಬಿಟ್ಟಿದ್ದೆಯಲ್ಲ, ಇನ್ನೊಂದು ಸಲ ನೋಡೋಣ ಬಾರಪ್ಪ" ಎನ್ನಬೇಕಿತ್ತು. ಸ್ನೇಹಿತರೇ, ಬಿಟ್ಟವರ ಎದುರು ದಯವಿಟ್ಟು ಬೀಡಿ ಹಚ್ಚಬೇಡಿ.

ಮಕ್ಕಳೇ, ಒಮ್ಮೆಯೂ ಸೇದದ ನಿಮಗೆ ಬೀಡಿ ಕಟ್ಟು ಕಂಡರೆ ಏನೂ ಅನ್ನಿಸುವುದಿಲ್ಲ. ನಿಮ್ಮ ಮಿದುಳು ಆ ಪಾಠ ಕಲಿತಿಲ್ಲ. ಕಲಿಯುವುದೂ ಬೇಡ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ. ಐವತ್ತು ವರ್ಷ ತುಂಬಿದ ಈ ಶಾಲೆಯ ಸುತ್ತ ಅದು ನಡೆಯುವಂತೆ ನೋಡಿಕೊಳ್ಳುವುದು ಹಳೆಯ ವಿದ್ಯಾರ್ಥಿಗಳಾದ ನಮ್ಮ ಕೆಲಸ.

ಬಿಡಬೇಕು ಅನ್ನಿಸಿದವರು ಆಸ್ಪತ್ರೆಗೆ ಬನ್ನಿ. ನಾನು ಯಾರನ್ನೂ ಬೈಯುವುದಿಲ್ಲ.