ಎರಡು ವರ್ಷ ಊರು ಬಿಟ್ಟು ಓದಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳಿಂದ ಬಂದಿರುವ ತಂದೆ-ತಾಯಂದಿರೇ, ಇಂದು ಪದವಿ ಪಡೆದ ನನ್ನ ತಮ್ಮ-ತಂಗಿಯರೇ,

ನಿಮಗೆಲ್ಲ ಅಭಿನಂದನೆ. ಬಂಗಾರದ ಪದಕ ಪಡೆದವರಿಗೂ, ಪಾಸಾದರೆ ಸಾಕು ಎಂದುಕೊಂಡು ಪಾಸಾದವರಿಗೂ ಸಮನಾಗಿ. ದೂರದ ಹಳ್ಳಿಗಳಿಗೆ ಹೋಗಬೇಕಾದವರು ಇಲ್ಲಿ ಬಹಳ ಜನ ಇದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ವೇದಿಕೆ ಹತ್ತುವ ಮೊದಲು ನಿಮ್ಮಲ್ಲಿ ಕೆಲವರನ್ನು ಮುಂದೇನು ಎಂದು ಕೇಳಿದೆ. "ಎಂ.ಎ. ಮಾಡ್ತೇವ್ರಿ ಮೇಡಂ" ಎಂದರು. ಎಲ್ಲಿ ಎಂದೆ. "ಎಲ್ಲಿ ಅಪ್-ಡೌನ್ ಆಗತೈತಿ ಅಲ್ಲೇರಿ." ಇವತ್ತು ಈ ಉತ್ತರದ ಬಗ್ಗೆಯೇ ಮಾತಾಡುತ್ತೇನೆ, ಯಾಕೆಂದರೆ ನಿವೃತ್ತಿಯ ನಂತರವೂ ನನ್ನ ನಿದ್ದೆ ಕೆಡಿಸುವ ಸಂಗತಿ ಇದೊಂದೇ.

ನಮ್ಮ ಭಾಗಕ್ಕೆ ವಿಶ್ವವಿದ್ಯಾಲಯ ಎಂಬುದು ದೂರದಿಂದ ಹತ್ತಿರಕ್ಕೆ ಬಂದ ಬಗೆ ನಿಮಗೆ ಗೊತ್ತಿರಬೇಕು. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಮುಂಬಯಿ ಇಲಾಖೆಯ ಜಿಲ್ಲೆ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯವೇ ಆಗ ನಮ್ಮ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದಾಗ ಅದರ ಕಚೇರಿ ಇದ್ದದ್ದೂ ಮುಂಬಯಿಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. ಅದನ್ನು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದವರು ನಮ್ಮ ಗೋಕಾಕ ತಾಲೂಕಿನ ಮಮದಾಪುರದವರೇ ಆದ ಡಿ.ಸಿ. ಪಾವಟೆ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. 1982ರಲ್ಲಿ ಬೆಳಗಾವಿಗೆ ಸ್ನಾತಕೋತ್ತರ ಕೇಂದ್ರ ಬಂತು, 2010ರಲ್ಲಿ ಅದೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಆ ಕಡೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ 1962ರಿಂದ ಇದೆ, ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಅದೇ ಹತ್ತಿರ. ಈಗ ಪದವಿ ಕಾಲೇಜುಗಳಲ್ಲೂ ಎಂ.ಎ., ಎಂ.ಕಾಂ. ನಡೆಯುತ್ತಿವೆ.

ಇದು ದೊಡ್ಡ ಗಳಿಕೆ. ಬಾಗಿಲ ಮುಂದೆ ಎಂ.ಎ. ಬರದೇ ಹೋಗಿದ್ದರೆ ಹನ್ನೆರಡನೆಯ ತರಗತಿಗೇ ಮದುವೆ ಆಗಿಬಿಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದರು. ಅದನ್ನು ಕಡಿಮೆ ಮಾಡಿ ಹೇಳುವವಳು ನಾನಲ್ಲ. ಆದರೆ ಹತ್ತಿರ ಬಂದದ್ದರಿಂದ ಒಂದು ಹೊಸ ಜಾತಿಯ ವಿದ್ಯಾರ್ಥಿ ಹುಟ್ಟಿಕೊಂಡ. ಮುಂಜಾನೆ ಐದಕ್ಕೆ ಏಳುವುದು, ಬುತ್ತಿ ಕಟ್ಟಿಕೊಂಡು ಬಸ್ಸು ಹಿಡಿಯುವುದು, ಹನ್ನೊಂದಕ್ಕೆ ಎರಡು ಪಾಠ ಕೇಳುವುದು, ಮೂರೂವರೆಯ ಬಸ್ಸಿಗೆ ಓಡುವುದು. ಅಥಣಿಯ ಆಚೆಯವರಾದರೆ ದಿನದ ಆರು ತಾಸು ಬಸ್ಸಿನಲ್ಲೇ ಕಳೆಯಿತು. ವಿಶ್ವವಿದ್ಯಾಲಯ ನಿಜವಾಗಿ ಶುರುವಾಗುವುದು ಪಾಠ ಮುಗಿದ ಮೇಲೆ. ಗ್ರಂಥಾಲಯದಲ್ಲಿ ಒಂದು ಪುಸ್ತಕ ಹುಡುಕಲು ಹೋಗಿ ಪಕ್ಕದ ಪುಸ್ತಕ ಕೈಗೆ ಬರುವುದು, ಹಾಸ್ಟೆಲಿನ ಊಟದ ಸಾಲಿನಲ್ಲಿ ಭೌತಶಾಸ್ತ್ರದವಳ ಜೊತೆ ವಾದ ಬೀಳುವುದು, ಹೊರಗಿನಿಂದ ಬಂದ ವಿದ್ವಾಂಸರ ಉಪನ್ಯಾಸ ಕೇಳಿ ಪ್ರಶ್ನೆ ಹಾಕುವುದು, ಎಲ್ಲವೂ ಸಂಜೆಯ ವ್ಯವಹಾರ. ಅಪ್-ಡೌನ್ ಮಾಡುವವರಿಗೆ ಆ ಸಂಜೆಯೇ ಇಲ್ಲ. ಶಕ್ತಿ ಯೋಜನೆ 2023ರಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು, ಸಂತೋಷ. ಆದರೆ "ಬಸ್ಸ ಪುಕ್ಕಟೆ ಐತಲ್ಲ, ಹಾಸ್ಟೆಲ್ ಯಾಕ ಬೇಕ?" ಎಂದು ತಂದೆಯರು ಕೇಳುವುದನ್ನೂ ನಾನು ಕೇಳಿದ್ದೇನೆ. ಆ ಮಾತು ನನಗೆ ಸೇರುವುದಿಲ್ಲ.

ನಾನು ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕೃಷ್ಣಾ ದಂಡೆಯ ಹಳ್ಳಿಯವಳು. ಇವತ್ತು ಕಾಗವಾಡ ತಾಲೂಕು ಎನ್ನುತ್ತೀರಿ, ಆಗ ಅದು ಅಥಣಿ ತಾಲೂಕು. ಪದವಿ ಮುಗಿದಾಗ ಮನೆಯಲ್ಲಿ ಧಾರವಾಡದ ಮಾತು ಕೂಡ ಇರಲಿಲ್ಲ, ಬಿ.ಎ. ಆದ ಮಗಳು ಎಂಬುದೇ ಊರಿಗೆ ದೊಡ್ಡದು. ಇತಿಹಾಸ ಕಲಿಸುತ್ತಿದ್ದ ನಮ್ಮ ಸರ್ ಒಂದು ಭಾನುವಾರ ಮನೆಗೆ ಬಂದರು. ಅವರಿಗೊಂದು ಗೀಳಿತ್ತು. ಹಳ್ಳಿ ಹಳ್ಳಿಗೆ ಹೋಗಿ ಕುಲಕರ್ಣಿ ಮನೆತನಗಳ ಹಳೇ ದಫ್ತರ ಬಿಚ್ಚಿಸಿ, ಮರಾಠಿಯ ಮೋಡಿ ಲಿಪಿಯ ಕಾಗದಗಳನ್ನು ಓದಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಅಂಗಳದಲ್ಲಿ ಕೂತು ನನಗೆ ಹೇಳಿದರು: "ನೋಡವಾ ತಂಗಿ, ಧಾರವಾಡಕ್ಕ ಹೋದ್ರ ನೀ ಮನೀ ಬಿಟ್ಟಂಗ ಆಗೂದಿಲ್ಲ, ವಾರಾ ವಾರಾ ಬರ್ತಿ. ಮುಂಬೈಗೆ ಹೋಗು. ನಮ್ಮ ಜಿಲ್ಲಾದ ಹಳೇ ಕಾಗದಾನೂ ಅಲ್ಲೇ ಅದಾವು." ಅಪ್ಪ ಕೇಳಿದರು, "ಹೆಣ್ಣ ಹುಡುಗಿರಿ ಸರ, ಒಬ್ಬಾಕೀನ್ನ ಹ್ಯಾಂಗ ಕಳಸೂದು?" ಸರ್ ಅಂದರು, "ಒಬ್ಬಾಕಿ ಅಲ್ರಿ. ಹಾಸ್ಟೆಲ್‌ನ್ಯಾಗ ನಿಮ್ಮಂಥವರ ಮಕ್ಕಳ ಬಾಳ ಮಂದಿ ಇರ್ತಾರ." ಮಾತಿನಿಂದ ಅಪ್ಪ ಒಪ್ಪಲಿಲ್ಲ. ಸರ್ ಕಿಸೆಯಿಂದ ಒಂದು ಹಾಳೆ ತೆಗೆದರು. ಮೀರಜಿನಿಂದ ರಾತ್ರಿ ಗಾಡಿಯ ಚಾರ್ಜು, ಹಾಸ್ಟೆಲಿನ ಫೀ, ಮೆಸ್ಸಿನ ಖರ್ಚು, ಸ್ಕಾಲರ್‌ಶಿಪ್ ಬಂದರೆ ಎಷ್ಟು, ಬಾರದಿದ್ದರೆ ಎಷ್ಟು, ಎಲ್ಲ ಬರೆದು ಕೂಡಿಸಿ ತಂದಿದ್ದರು. ಅಪ್ಪ ಆ ಹಾಳೆಯನ್ನು ಇಟ್ಟುಕೊಂಡರು, ವಾರದ ಮೇಲೆ ಹ್ಞೂಂ ಎಂದರು. ಇಲ್ಲಿರುವ ಅಧ್ಯಾಪಕರಿಗೆ ನನ್ನ ವಿನಂತಿ: ಬುದ್ಧಿವಂತ ಹುಡುಗಿಗೆ "ಮುಂದೆ ಓದು" ಎಂದಷ್ಟೇ ಹೇಳಬೇಡಿ. ಆ ಲೆಕ್ಕದ ಹಾಳೆ ಬರೆದು ಅವಳ ಮನೆಗೆ ಹೋಗಿ.

ಮುಂಬಯಿಯಲ್ಲಿ, ಕಲೀನಾದ ವಿದ್ಯಾನಗರಿಯಲ್ಲಿ, ನಾನು ಕಲಿತದ್ದೇನು? ಒಂದೇ ಸಂಗತಿ ಹೇಳುತ್ತೇನೆ. ಸೆಮಿನಾರಿಗೆ ನಮ್ಮ ಭಾಗದ ಕಬ್ಬಿನ ಬಗ್ಗೆ ಬರೆದು ಓದಿದೆ: ನೀರಾವರಿ, ಕಾರ್ಖಾನೆ, ಸಹಕಾರಿ ಸಂಘ. ಕೊಂಕಣದ ಕಡೆಯ ಸಹಪಾಠಿ ಕೇಳಿದ, ಕಬ್ಬು ಕಡಿಯುವವರು ಯಾರು, ಎಲ್ಲಿಂದ ಬರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ, ಅವರ ಮಕ್ಕಳ ಸಾಲಿ ಯಾವುದು? ನಮ್ಮ ಹೊಲದ ಅಂಚಿನಲ್ಲೇ ಪ್ರತಿ ಸೀಜನ್ನಿಗೆ ಕಬ್ಬು ಕಡಿಯುವವರ ಟೋಳಿಗಳು ಗುಡಿಸಲು ಹಾಕುತ್ತಿದ್ದವು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಾಗಾಗಿ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ. ಕಬ್ಬಿನ ಗದ್ದೆಯನ್ನೇ ನೋಡದವನು ಅದನ್ನು ಕೇಳಿದ. ಹೊರಗಿನವರ ನಡುವೆ ಕೂತಾಗ ಮಾತ್ರ ಇಂಥ ಪ್ರಶ್ನೆ ಎದುರಾಗುತ್ತದೆ. ನನ್ನ ಇಡೀ ವೃತ್ತಿಜೀವನ ಆ ನಾಲ್ಕು ಪ್ರಶ್ನೆಗಳ ಬೆನ್ನು ಹತ್ತಿ ನಡೆಯಿತು.

ಇದು ನನ್ನೊಬ್ಬಳ ಅನುಭವವಲ್ಲ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅದೇ ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೋಗಿ ಜಿ.ಎಸ್. ಘುರ‍್ಯೆ ಅವರ ಕೈಕೆಳಗೆ ಎಂ.ಎ.ಗೆ ಬರೆದದ್ದು ಮುಂಬಯಿಯ ಬಗ್ಗೆ ಅಲ್ಲ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ. 1942ರಲ್ಲಿ ಅದು ಪುಸ್ತಕವಾಯಿತು. ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1915ರಲ್ಲಿ ಎಂ.ಎ. ಮುಗಿಸಿದರು, ಮರುವರ್ಷ ಅಲ್ಲಿನ ಸೆಮಿನಾರಿನಲ್ಲಿ ಮಂಡಿಸಿದ್ದು ಭಾರತದ ಜಾತಿಗಳ ಕುರಿತ ಪ್ರಬಂಧ. ಹಾಗೆ ಕಲಿತು ಬಂದವರು 1925ರಲ್ಲಿ ಬಹಿಷ್ಕೃತರ ಪರಿಷತ್ತಿಗಾಗಿ ನಮ್ಮ ನಿಪ್ಪಾಣಿಗೆ ಬಂದರು. ನಿಪ್ಪಾಣಿಯ ಮಕ್ಕಳು ಇದನ್ನು ಮರೆಯಬಾರದು.

ಇನ್ನು ನಮ್ಮ ಸದಲಗಾದವರೊಬ್ಬರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮಲ್ಲಿ ಎಷ್ಟು ಜನರಿಗೆ ಆ.ನೇ. ಉಪಾಧ್ಯೆ ಗೊತ್ತು? ಕೈ ಎತ್ತಿದವರು ಬಹಳ ಕಡಿಮೆ, ನನಗೆ ಬೇಸರವಾಗುತ್ತದೆ. ಇಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ದೂಧಗಂಗಾ ದಂಡೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು. ಮುಂಬಯಿ ವಿಶ್ವವಿದ್ಯಾಲಯದಿಂದ 1930ರಲ್ಲಿ ಎಂ.ಎ., ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದರು. ಆ ಗ್ರಂಥಕ್ಕೆ ಅವರು ಬರೆದ ದೀರ್ಘ ಪ್ರಸ್ತಾವನೆಯನ್ನು ಓದದೆ ಜೈನ ಅಧ್ಯಯನಕ್ಕೆ ಯಾರೂ ಇಳಿಯುವಂತಿರಲಿಲ್ಲ. 1939ರಲ್ಲಿ ಮುಂಬಯಿ ಅವರಿಗೆ ಡಿ.ಲಿಟ್. ಕೊಟ್ಟಿತು. ಜೀವಮಾನವಿಡೀ ಹಸ್ತಪ್ರತಿಗಳ ಮುಂದೆ ಕೂತರು. ಒಂದು ಪ್ರತಿಯ ಪಾಠಕ್ಕೆ ಇನ್ನೊಂದು ಪ್ರತಿಯ ಪಾಠ ಹೋಲಿಸಿ, ಒಂದಕ್ಷರವನ್ನೂ ಊಹೆಯಿಂದ ತುಂಬದೆ ಕೆಲಸ ಮಾಡಿದರು. ಎಂಟನೆಯ ಶತಮಾನದ ಉದ್ಯೋತನಸೂರಿಯ ಕುವಲಯಮಾಲಾ ಎಂಬ ಪ್ರಾಕೃತ ಕಥೆಯನ್ನು ಅವರು ಸಂಪಾದಿಸಿದ್ದಾರೆ. ಅದರಲ್ಲೊಂದು ಪೇಟೆ ಬರುತ್ತದೆ. ನಾನಾ ದೇಶದ ವ್ಯಾಪಾರಿಗಳು ತಂತಮ್ಮ ನುಡಿ ಆಡುತ್ತಾರೆ, ಕರ್ಣಾಟಕದವರೂ ಇದ್ದಾರೆ, ಮಹಾರಾಷ್ಟ್ರದವರೂ ಇದ್ದಾರೆ. ಕನ್ನಡ-ಮರಾಠಿ ಕೂಡಿ ಕಿವಿಗೆ ಬೀಳುವ ಸಂತೆಯಲ್ಲಿ ಬೆಳೆದ ಸದಲಗಾದ ಹುಡುಗನಿಗೆ ಆ ಪುಟ ಎಷ್ಟು ಹತ್ತಿರದ್ದೆನಿಸಿರಬೇಕು! ಕನ್ನಡಿಗರು ಅವರನ್ನು 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. ಇಂಥವರ ಹೆಸರು ಗೊತ್ತಿಲ್ಲದೆ ಈ ತಾಲೂಕಿನಲ್ಲಿ ಪದವಿ ಮುಗಿಯಬಾರದು.

"ಈಗ ಮೊಬೈಲಿನ್ಯಾಗ ಎಲ್ಲಾ ಐತ್ರಿ ಮೇಡಂ" ಎಂದು ನೀವು ಹೇಳುತ್ತೀರಿ. ಇಲ್ಲ, ಇಲ್ಲ. ನಿಮ್ಮೂರಿನ ದಫ್ತರ ಮೊಬೈಲಿನಲ್ಲಿಲ್ಲ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನದ ಮಹಾಲು, ಅದರ ಕಾಗದ ಹುಡುಕುವವರು ಕೊಲ್ಲಾಪುರಕ್ಕೆ ಹೋಗಬೇಕು. ಚಿಕ್ಕೋಡಿ, ಅಥಣಿಯ ಕಾಗದಕ್ಕೆ ಮುಂಬಯಿ, ಪುಣೆಯ ದಫ್ತರಖಾನೆಗಳಿವೆ. ಹಳೆಯದು ಬಹಳಷ್ಟು ಮೋಡಿಯಲ್ಲಿದೆ. ಬೆಂಗಳೂರಿನ ವಿದ್ಯಾರ್ಥಿಗೆ ಮರಾಠಿ ಬಾರದು, ಪುಣೆಯ ವಿದ್ಯಾರ್ಥಿಗೆ ಕನ್ನಡ ಬಾರದು. ನಿಮಗೆ ಎರಡೂ ಬರುತ್ತವೆ. ಗಡಿಯಲ್ಲಿ ಹುಟ್ಟಿದ್ದನ್ನು ಜಗಳಕ್ಕಷ್ಟೇ ಬಳಸಿದ್ದೇವೆ, ವಿದ್ಯೆಗೆ ಬಳಸಿಲ್ಲ. ಇತಿಹಾಸ ಓದುವವರೆಲ್ಲ ಮೋಡಿ ಕಲಿಯಿರಿ. ಒಂದು ಬೇಸಿಗೆ ಮನಸ್ಸಿಟ್ಟು ಕೂತರೆ ಅಕ್ಷರಗಳು ಕೈವಶವಾಗುತ್ತವೆ. ನಮ್ಮ ಸರ್ ಅವರಿಂದ ನನಗೆ ಬಂದ ಗೀಳು ಇದು, ಸಾಯುವತನಕ ಹೇಳುತ್ತಲೇ ಇರುತ್ತೇನೆ.

ವಿಜ್ಞಾನದವರು, ವಾಣಿಜ್ಯದವರು ಇದು ನಮಗಲ್ಲ ಎಂದುಕೊಳ್ಳಬೇಡಿ. ಅತಿಯಾಗಿ ನೀರು ಹಾಯಿಸಿ ಕೃಷ್ಣಾ ದಂಡೆಯ ಎಷ್ಟು ಭೂಮಿ ಸವಳು-ಜವಳಾಗಿ ಕಬ್ಬೂ ಬೆಳೆಯದಂತಾಗಿದೆ! ಮಣ್ಣು ಓದಿದವರು ಬೇಕು. 2005ರಲ್ಲಿ, 2019ರಲ್ಲಿ ಹೊಳೆ ಊರೊಳಗೆ ಬಂತು. ಕೊಯ್ನಾದಿಂದ ಬಿಟ್ಟ ನೀರು ಎಷ್ಟು ತಾಸಿಗೆ ಯಾವ ಹಳ್ಳಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಹೇಳುವ ನಮ್ಮವರು ಬೇಕು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿವೆ. ಅಥಣಿಯಲ್ಲಿ ತೊಗಲಿಗೆ ಹೊಲಿಗೆ ಹಾಕುವ ಹೆಣ್ಣುಮಗಳಿಗೆ ಅದರಿಂದ ಎಷ್ಟು ರೊಕ್ಕ ಹೆಚ್ಚು ಬಂತು? ಎಂ.ಕಾಂ. ಮಾಡುವವರು ಅದನ್ನು ಬರೆಯಿರಿ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ, ಬೀಡಿ ಕಟ್ಟಿದ ತಾಯಂದಿರ ಮಕ್ಕಳು ಇಲ್ಲಿ ಕೂತಿದ್ದೀರಿ, 1981ರ ರೈತ ಚಳವಳಿಯನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಈಗಲೇ ಅವರನ್ನು ಕೇಳಿ ಬರೆದುಕೊಳ್ಳಿ. ಗೈಡ್ ನೋಡಿ, ಝೆರಾಕ್ಸ್ ನೋಟ್ಸ್ ನೋಡಿ ಇನ್ನೊಬ್ಬರ ಪ್ರಬಂಧ ನಕಲು ಮಾಡಿದರೆ ನಿಮಗೆ ಅಂಕ ಬರಬಹುದು, ಈ ನೆಲದ ಒಂದು ಸಂಗತಿಯೂ ತಿಳಿಯುವುದಿಲ್ಲ. ಅಂಥ ಪ್ರಬಂಧಗಳನ್ನು ನಾನು ಸಹಿ ಹಾಕದೆ ಹಿಂದಕ್ಕೆ ಕೊಟ್ಟಿದ್ದೇನೆ.

ಕೆಲವು ಮಾತು ಕೆಲಸಕ್ಕೆ ಬರುವಂಥವು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆ ಇದೆ. ಅದರ ಅರ್ಜಿ ನಿಮ್ಮ ಪದವಿಯ ಫಲಿತಾಂಶಕ್ಕಿಂತ ಎಷ್ಟೋ ಮೊದಲೇ ಕರೆಯುತ್ತಾರೆ, ಕೊನೆಯ ವರ್ಷದಲ್ಲೇ ಕಣ್ಣಿಟ್ಟಿರಬೇಕೆಂದು ನಿಮ್ಮ ಹಿಂದೆ ಬರುವವರಿಗೂ ಹೇಳಿ. ಜಾತಿ-ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೆಯ ದಿನ ಓಡಬೇಡಿ. ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ದಿನಕ್ಕೆ ಒಂದು ಸಂಪಾದಕೀಯ ಗಟ್ಟಿಯಾಗಿ ಓದಿ, ವರ್ಷದಲ್ಲಿ ಬರುತ್ತದೆ. ಹಾಸ್ಟೆಲಿನಲ್ಲಿ ನಿಮ್ಮ ತಾಲೂಕಿನವರ ಜೊತೆಗೇ ಕೋಣೆ ಹಿಡಿಯಬೇಡಿ, ಬೀದರಿನವರ ಜೊತೆ ಇರಿ, ಕೇರಳದವರ ಜೊತೆ ಇರಿ. ಮನೆಯ ರೊಟ್ಟಿ, ಶೇಂಗಾ ಹಿಂಡಿ ನೆನಪಾಗಿ ಅಳು ಬರುತ್ತದೆ. ಆದರೂ ಮೊದಲ ಎರಡು ತಿಂಗಳು ಊರಿಗೆ ಬರಬೇಡಿ. ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು ಎಂ.ಎ.ಗೆ ಹೆಸರು ಹಚ್ಚಿಸಿ ಕೋಚಿಂಗ್ ಕ್ಲಾಸಿನಲ್ಲೇ ಕೂರುವ ಚಾಳಿ ಬಿಡಿ. ನೌಕರಿಗೆ ಓದುವುದು ತಪ್ಪಲ್ಲ, ಆದರೆ ಎಂ.ಎ. ತರಗತಿಯಲ್ಲಿ ಇನ್ನೊಬ್ಬರ ಜಾಗ ನೀವು ಹಿಡಿದಿರುತ್ತೀರಿ.

ಅಪ್-ಡೌನ್ ಬಿಟ್ಟು ಬೇರೆ ದಾರಿಯೇ ಇಲ್ಲದವರೂ ಇದ್ದೀರಿ. ಮನೆಯಲ್ಲಿ ಕಾಯಿಲೆಯ ತಾಯಿ, ಎರಡು ಎಮ್ಮೆ, ತಮ್ಮನ ಫೀ. ನೀವು ವಾರಕ್ಕೆ ಎರಡು ಸಂಜೆಯಾದರೂ ಗ್ರಂಥಾಲಯ ಮುಚ್ಚುವವರೆಗೆ ಅಲ್ಲೇ ಇರುವ ವ್ಯವಸ್ಥೆ ಮಾಡಿಕೊಳ್ಳಿ. ನಿಮಗಾಗಿ ಸಂಜೆಯ ಕೊನೆಯ ಬಸ್ಸನ್ನು ತಡವಾಗಿ ಬಿಡಿ ಎಂದು ಸಾರಿಗೆ ಸಂಸ್ಥೆಯವರಿಗೆ ನಾನು ಪತ್ರ ಬರೆಯುತ್ತೇನೆ, ನೀವೂ ಬರೆಯಿರಿ.

ಕೊನೆಗೆ ತಂದೆ-ತಾಯಂದಿರಿಗೆ ಒಂದು ಮಾತು. ಮಗ ಪುಣೆಗೆ ಹೋಗುತ್ತೇನೆ ಎಂದರೆ ಹೊಲ ಅಡವಿಟ್ಟಾದರೂ ಕಳಿಸುತ್ತೀರಿ. ಮಗಳು ಕೇಳಿದಾಗ ಮದುವೆಯ ಮಾತು ಎತ್ತುತ್ತೀರಿ. ಎರಡು ವರ್ಷದಲ್ಲಿ ಯಾವ ಒಳ್ಳೆಯ ಸಂಬಂಧವೂ ಓಡಿಹೋಗುವುದಿಲ್ಲ, ಆದರೆ ಓದಿನ ವಯಸ್ಸು ಹೋದರೆ ತಿರುಗಿ ಬರುವುದಿಲ್ಲ. ಈ ವರ್ಷ ಅವಳು ಹಾಸ್ಟೆಲಿನ ಅರ್ಜಿ ನಿಮ್ಮ ಮುಂದೆ ಹಿಡಿದಾಗ, ದಯಮಾಡಿ, ಸಹಿ ಹಾಕಿ ಕಳಿಸಿರಿ.